ಒಗೆಯಲಿಕ್ಕೆ ಹಾಕಿದ ಕಿಲ್ಟು

ಮಕ್ಕಳೇ, ನಿಮ್ಮಪ್ಪ ಪ್ಯಾಂಟು ಹಾಕುವುದು ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗ ಮಾತ್ರ. ಉಳಿದ ದಿನವೆಲ್ಲ ಕಿಲ್ಟು. ಮೊದಲಿನಿಂದಲೂ ಹೀಗೇ ಎಂದು ನೀವು ತಿಳಿದಿರಬಹುದು. ಹಾಗಲ್ಲ. ನಡುವೆ ಕೆಲವು ತಿಂಗಳು ಅವರು ಕಿಲ್ಟು ಬಿಟ್ಟೇಬಿಟ್ಟಿದ್ದರು. ದೊಡ್ಡವಳೇ, ನೀನಾಗ ಸ್ಟ್ರಾಲರಿನಲ್ಲಿ ಮಲಗಿ ಕಾಲಿನ ಹೆಬ್ಬೆರಳು ಚೀಪುತ್ತಿದ್ದೆ. ಚಿಕ್ಕವನೇ, ನೀನಿನ್ನೂ ಹುಟ್ಟಿರಲಿಲ್ಲ. ಕಿಲ್ಟು ಹೇಗೆ ಹೋಯಿತು, ಹೇಗೆ ಮರಳಿ ಬಂತು ಎನ್ನುವುದನ್ನು ಬರೆದಿಡುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಕಾಗದದ ಮುಂದೆ ಅಷ್ಟು ಆಗುವುದಿಲ್ಲ. ನಿಮಗೆ ಓದಲು ಬಾರದ ಕಡೆ ನಿಮ್ಮಮ್ಮ ಓದಿ ಹೇಳಲಿ. ಅವಳು ನಗಲು ಸುರುಮಾಡಿ ಅರ್ಧಕ್ಕೇ ನಿಲ್ಲಿಸಿದರೆ ಅದಕ್ಕೆ ನಾನು ಹೊಣೆಯಲ್ಲ.

ನಿಮ್ಮಜ್ಜ ತೀರಿಕೊಂಡ ಮೇಲೆ ನಿಮ್ಮಮ್ಮ ನನ್ನನ್ನು ಡಬ್ಲಿನ್ನಿಗೆ ಕರೆಸಿಕೊಂಡಳು. ಅದಕ್ಕೂ ಮೊದಲು ನಿಮ್ಮಪ್ಪನನ್ನು ನಾನು ಕಣ್ಣಾರೆ ನೋಡಿದ್ದು ಒಮ್ಮೆ ಮಾತ್ರ, ಮದುವೆಯಲ್ಲಿ. ಆಗ ಧೋತರ ಉಟ್ಟಿದ್ದರು. ಆಮೇಲೆ ನೋಡಿದ್ದೆಲ್ಲ ಫೋನಿನಲ್ಲಿ. ಫೋನಿನಲ್ಲಿ ಮನುಷ್ಯ ಎದೆಯ ತನಕ ಕಾಣುತ್ತಾನೆ, ಅದರ ಕೆಳಗೆ ಏನು ಉಟ್ಟಿದ್ದಾನೆ ಎಂದು ಯಾರು ಕೇಳುತ್ತಾರೆ? ಹೀಗಾಗಿ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ಎತ್ತಿಕೊಳ್ಳಲು ಕೆಂಪು ಕೂದಲಿನ ಜುಟ್ಟು ಕಟ್ಟಿದ ಎತ್ತರದ ಆಳೊಬ್ಬರು ಓಡಿ ಬಂದಾಗ ನನಗೆ ಮೊದಲು ಕಂಡದ್ದು ಎರಡು ಮೊಣಕಾಲು. ಸಿಪ್ಪೆ ಸುಲಿದ ಬಾಳೆದಿಂಡಿನ ಹಾಗೆ ಬೆಳ್ಳಗಿದ್ದವು. ಅವುಗಳ ಮೇಲೆ ಚೌಕಡಿಯ ದಪ್ಪ ಬಟ್ಟೆ, ಹಿಂದೆ ತುಂಬ ನಿರಿಗೆ. ಮುಂದೆ ನಮ್ಮೂರ ಮುದುಕರು ಎಲೆಅಡಿಕೆ ಇಟ್ಟುಕೊಳ್ಳುವ ಚಂಚಿಯಂಥದ್ದೇ ಒಂದು ತೊಗಲಿನ ಚೀಲ ನೇತಾಡುತ್ತಿತ್ತು.

ನಾನು ಸೆರಗು ಮೂಗಿನ ತನಕ ಎಳೆದುಕೊಂಡು ನಿಮ್ಮಮ್ಮನ ಕಿವಿಯಲ್ಲಿ, "ಏನವ್ವಾ, ಗಡಿಬಿಡಿಯೊಳಗ ಪ್ಯಾಂಟು ಹಾಕ್ಕೊಳ್ಳೋದು ಮರತು ಬಂದಾರೇನು?" ಎಂದೆ.

"ಯವ್ವಾ, ಅದು ಕಿಲ್ಟು! ಅವರ ಅಜ್ಜನ ಊರು ಸ್ಕಾಟ್‌ಲೆಂಡು. ಅಲ್ಲಿ ಗಂಡಸರು ಇದನ್ನ ಉಡ್ತಾರ."

"ಹಬ್ಬಕ್ಕೇನು?"

"ಅಲ್ಲೆ ಹಬ್ಬಕ್ಕ. ಇವರು ಡೇಲಿ."

ಡೇಲಿ ಎಂದರೆ ಡೇಲಿಯೇ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಲು ಹೋಗುವಾಗ ಕಿಲ್ಟು. ಗ್ರೋಸರಿಗೆ ಕಿಲ್ಟು. ಏಣಿ ಹತ್ತಿ ಬಲ್ಬು ಬದಲಿಸುವಾಗಲೂ ಕಿಲ್ಟು; ಆಗ ನಾನು ಹಿತ್ತಲಿಗೆ ಹೋಗಿ ಕೊತ್ತಂಬರಿಗೆ ನೀರು ಹಾಕುತ್ತಿದ್ದೆ. ಪ್ಯಾಂಟು ಹಾಕಿದರೆ ಕಾಲುಗಳನ್ನು ಜೈಲಿಗೆ ಹಾಕಿದ ಹಾಗಾಗುತ್ತದೆ ಎನ್ನುತ್ತಾರೆ ಎಂದು ನಿಮ್ಮಮ್ಮ ಹೇಳಿದಳು. ಆ ಚಂಚಿಯಲ್ಲಿ ಫೋನು, ಬೀಗದ ಕೈ, ಸೀಮೆಸುಣ್ಣ, ನಿನ್ನ ಬಾಯಿ ಒರೆಸುವ ಅರಿವೆ, ಎಲ್ಲ ಹಿಡಿಸುತ್ತಿತ್ತು. ಕೆಲವು ದಿನಕ್ಕೆ ನನಗೂ ರೂಢಿಯಾಯಿತು.

ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಬಾಗಿಲ ಮರೆಯಲ್ಲಿ ನಿಂತು, ನಡುವೆ ಇರುವ ಯಾರಿಗಾದರೂ ಹೇಳಿ ಮಾತು ಮುಟ್ಟಿಸುತ್ತಾಳೆ. ಇಲ್ಲಿಯ ಮನೆಯಲ್ಲಿ ಮರೆಯೇ ಇಲ್ಲ. ಅಡುಗೆಮನೆ, ಊಟದ ಮೇಜು, ಸೋಫಾ ಎಲ್ಲ ಸೇರಿ ಒಂದೇ ಬಯಲು. ನಡುವೆ ಇರುವ ಮನುಷ್ಯಳೆಂದರೆ ನೀನೊಬ್ಬಳೇ, ದೊಡ್ಡವಳೇ. ಹೀಗಾಗಿ ನಾನು ನಿನ್ನ ಕಡೆ ತಿರುಗಿ, "ಕೂಸವ್ವಾ, ಅಪ್ಪಾಗ ಹೇಳು, ಚಹಾ ಆರಾಕತ್ತೈತಿ," ಎನ್ನುತ್ತಿದ್ದೆ. ನಿಮ್ಮಪ್ಪ ಬಂದು ಚಹಾ ಕುಡಿದು ನಿನಗೇ, "ಟೆಲ್ ಅಜ್ಜಿ, ಭಾಳ ಚಲೋ," ಎನ್ನುತ್ತಿದ್ದರು. ನೀನು ಜೊಲ್ಲು ಸುರಿಸುತ್ತಿದ್ದೆ. ನಾನು ನಿನಗೆ ಕನ್ನಡ ಕಲಿಸಲು ಇಂಥ ಉಪಾಯ ಮಾಡಿದ್ದೇನೆಂದು ಅವರು ತಿಳಿದಿದ್ದರು. ಶಾಲೆಯಲ್ಲಿ ಬೇರೆ ಮಾಸ್ತರರಿಗೆಲ್ಲ ಹೇಳಿಕೊಂಡು ಹೊಗಳಿದರಂತೆ.

ಸಂಜೆ ಅವರು ಸ್ಟ್ರಾಲರು ತಳ್ಳಿಕೊಂಡು ವಾಕಿಂಗಿಗೆ ಹೊರಟರೆ ನಾನೂ ಹಿಂದೆ ಹೊರಡುತ್ತಿದ್ದೆ. ಆ ವಾಕಿಂಗು ನನಗೆ ಬಹಳ ಸೇರುತ್ತಿತ್ತು. ಕಾರಣ ಹೇಳಿದರೆ ನಗಬೇಡಿ. ಈ ಊರಿನಲ್ಲಿ ಗುರುತಿಲ್ಲದವರೂ ಮಾತಾಡಿಸುತ್ತಾರೆ. ಹಲೋ ಎನ್ನುತ್ತಾರೆ, ಹೌ ಆರ್ ಯೂ ಎನ್ನುತ್ತಾರೆ, ಉತ್ತರಕ್ಕೆ ನಿಲ್ಲದೆ ಹೋಗಿಯೂ ಬಿಡುತ್ತಾರೆ. ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದ ಮುದುಕಿ ಕಂಡರಂತೂ ಮುಗಿಯಿತು. ನನಗೆ ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಮಾತಾಡಿಸಿದರೇ ಬೆವರು ಬರುತ್ತಿತ್ತು. ಆದರೆ ನಿಮ್ಮಪ್ಪ ಕಿಲ್ಟು ಉಟ್ಟು ಮುಂದೆ ನಡೆಯುತ್ತಿದ್ದರೆ ನನ್ನ ಕಡೆ ಯಾರು ನೋಡುತ್ತಾರೆ? ಅವರ ಹಿಂದೆ ನಾನು ಗೋಡೆಯ ಮರೆಯಲ್ಲಿ ನಡೆದ ಹಾಗೆ ಆರಾಮಾಗಿ ನಡೆಯುತ್ತಿದ್ದೆ. ಹೂವು ನೋಡುತ್ತಿದ್ದೆ. ಯಾರ ಮನೆಯ ಮುಂದಿನ ನಿಂಬೆಗಿಡದಲ್ಲಿ ಎಷ್ಟು ಕಾಯಿ ಬಿಟ್ಟಿವೆ ಎಂದು ನೋಡುತ್ತಿದ್ದೆ.

ಹೀಗಿರುವಾಗ ಬೊಂಬೆ ಹಬ್ಬ ಬಂತು.

ನಮ್ಮ ಮನೆಯಿಂದ ಎರಡು ಬೀದಿ ಆಚೆ ಮೈಸೂರಿನವರ ಮನೆ. ಅವರು ನವರಾತ್ರಿಗೆ ಮೆಟ್ಟಿಲು ಮೆಟ್ಟಿಲಾಗಿ ಬೊಂಬೆ ಇಡುತ್ತಾರೆ. ನಮ್ಮನ್ನೂ ಕರೆದಿದ್ದರು. ನಿಮ್ಮಪ್ಪ ದೊಡ್ಡ ಹಬ್ಬಕ್ಕೆಂದು ಎತ್ತಿಟ್ಟಿದ್ದ ಕುಂಕುಮ ಬಣ್ಣದ ಉಣ್ಣೆಯ ಕಿಲ್ಟು ಉಟ್ಟರು. ಮನೆ ತುಂಬ ಜನ. ಬಾಗಿಲ ಹತ್ತಿರ ಆ ಮನೆಯ ಹಿರಿಯಮ್ಮ ಒಂದು ಕುರ್ಚಿಯಲ್ಲಿ ಕೂತು, ಹೊರಡುವ ಹೆಂಗಸರಿಗೆಲ್ಲ ಕುಂಕುಮ ಹಚ್ಚಿ, ಉಡಿ ತುಂಬಿ ಕಳಿಸುತ್ತಿದ್ದರು. ತೆಂಗಿನಕಾಯಿ, ಎಲೆಅಡಿಕೆ, ಅಕ್ಕಿ, ಒಂದು ರವಿಕೆ ಕಣ. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬರುವ ತಿಂಗಳು ಆಪರೇಷನ್ನು. ನಿಮ್ಮಜ್ಜ ಹೋದ ಮೇಲೆ ನಾನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಚಪ್ಪಲಿಗಳ ಪಕ್ಕದಲ್ಲಿ ಒಂದು ಮೋಢಾ ಹಾಕಿಕೊಂಡು ಕೂತಿದ್ದೆ. ನಡೆದದ್ದೆಲ್ಲ ಕಂಡದ್ದು ಅದಕ್ಕೇ.

ನಿಮ್ಮಮ್ಮ ನಿನ್ನ ಡಯಾಪರು ಬದಲಿಸಲು ಒಳಗೆ ಹೋಗಿದ್ದಳು. ಅವಳ ಶಾಲು, ಹ್ಯಾಂಡ್‌ಬ್ಯಾಗು ಎರಡೂ ನಿಮ್ಮಪ್ಪನ ಹೆಗಲ ಮೇಲೆ. ಬೆನ್ನಿನ ಮೇಲೆ ಉದ್ದ ಜುಟ್ಟು. ಕೆಳಗೆ ನಿರಿಗೆ. ಅವರು ಶೂ ಹುಡುಕುತ್ತ ಆ ಹಿರಿಯಮ್ಮನ ಮುಂದೆ ಬಗ್ಗಿದರು.

"ಬಾಮ್ಮ, ಯಾಕೆ ದೂರ ನಿಂತಿದೀಯ? ಮಡಿಲು ಒಡ್ಡು," ಎಂದರು ಹಿರಿಯಮ್ಮ.

ನಿಮ್ಮಪ್ಪನಿಗೆ ಒಡ್ಡು ಎಂದರೇನು ಗೊತ್ತಿಲ್ಲ. ಆದರೆ ಮುಂದಿನ ಹೆಂಗಸರೆಲ್ಲ ಸೆರಗು ಹಿಡಿದು ನಿಂತದ್ದನ್ನು ನೋಡಿದ್ದರು. ಒಳ್ಳೆಯ ಮನೆತನದ ಹುಡುಗ, ಹಿರಿಯರು ಹೇಳಿದರೆ ಇಲ್ಲ ಎನ್ನುತ್ತಾರೆಯೇ? ಚಂಚಿಯನ್ನು ಒಂದು ಪಕ್ಕಕ್ಕೆ ಸರಿಸಿ, ಕಿಲ್ಟಿನ ಮುಂಭಾಗವನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಒಳಗೆ ಏನಿತ್ತು ಎಂದು ಕೇಳಬೇಡಿ. ಚಡ್ಡಿ ಇತ್ತು. ನೀಲಿ ಬಣ್ಣದ್ದು, ಮೇಲೆ ಹಳದಿ ಬಾತುಕೋಳಿಗಳು. ಇಡೀ ಡಬ್ಲಿನ್ನಿಗೆ ಗೊತ್ತಿರುವುದನ್ನು ನಿಮಗೆ ಮುಚ್ಚಿಡಲೇಕೆ?

ಹಿರಿಯಮ್ಮ ತೆಂಗಿನಕಾಯಿ ಹಾಕಿದರು. ಅಕ್ಕಿ ಹಾಕಿದರು. ರವಿಕೆ ಕಣ ಹಾಕಿದರು. ತಡವಿ ತಡವಿ ಹಣೆ ಹುಡುಕಿ ಕುಂಕುಮ ಹಚ್ಚಿದರು. "ದೀರ್ಘ ಸುಮಂಗಲಿಯಾಗಿ ಬಾಳಮ್ಮ. ಬರೋ ವರ್ಷ ಬೊಂಬೆ ನೋಡಕ್ಕೆ ಬರೋವಾಗ ಕಂಕುಳಲ್ಲಿ ಒಂದು ಗಂಡುಮಗು ಇರ್ಲಿ," ಎಂದು ಹರಸಿದರು.

ಮನೆ ತುಂಬ ಇದ್ದವರೆಲ್ಲ ನಕ್ಕರು ನೋಡಿ, ಬೊಂಬೆಗಳು ಮೆಟ್ಟಿಲಿನಿಂದ ಉರುಳಬೇಕು, ಹಾಗೆ. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ನಿಮ್ಮಪ್ಪನೂ ನಕ್ಕರು. ಕಾಯಿ ಕೈಯಲ್ಲಿ ಹಿಡಿದು, ಕಿವಿಯ ತುದಿ ಕೂಡ ಕೆಂಪು ಮಾಡಿಕೊಂಡು ನಕ್ಕರು. ಆದರೆ ಯಾರೋ ಒಬ್ಬರು ಫೋನಿನಲ್ಲಿ ಅದನ್ನೆಲ್ಲ ಹಿಡಿದಿದ್ದರು. ನಾವು ಮನೆ ಮುಟ್ಟುವಷ್ಟರಲ್ಲಿ ನಿಮ್ಮಮ್ಮನ ಫೋನಿಗೇ ಆ ವಿಡಿಯೋ ಬಂತು. ಮರುದಿನ ಹುಬ್ಬಳ್ಳಿಯಿಂದ ನನ್ನ ನಾದಿನಿ ಫೋನು ಮಾಡಿ, "ವೈನಿ, ಅಳಿಯಂದ್ರದು ಸೀಮಂತ ಯಾವಾಗ?" ಎಂದಳು.

ಚಿಕ್ಕವನೇ, ಬರುವ ವರ್ಷದ ಹೊತ್ತಿಗೆ ನೀನು ಹುಟ್ಟಿದ್ದು ನಿಜ. ಹೆತ್ತವಳು ಮಾತ್ರ ನಿಮ್ಮಮ್ಮ.

ಮರುದಿನ ನಿಮ್ಮಪ್ಪ ಜೀನ್ಸ್ ಹಾಕಿಕೊಂಡು ಶಾಲೆಗೆ ಹೋದರು. ಅದರ ಮರುದಿನವೂ. "ಕಿಲ್ಟು ಎಲ್ಲಿ?" ಎಂದು ನಿಮ್ಮಮ್ಮ ಕೇಳಿದರೆ, "ಇನ್ ದ ವಾಶ್," ಎಂದರು. ಒಗೆಯಲಿಕ್ಕೆ ಹಾಕಿದೆ ಎಂದು. ಈ ಮನೆಯಲ್ಲಿ ಬಟ್ಟೆ ಒಗೆಯುವವಳು ನಾನು. ಮಷಿನ್ನಿನಲ್ಲಿ ಕಿಲ್ಟು ಇರಲಿಲ್ಲ. ಮರುವಾರ ಕೇಳಿದರೂ ಇನ್ ದ ವಾಶ್. ದೀಪಾವಳಿ ಬಂತು, ಆಗಲೂ ಇನ್ ದ ವಾಶ್. ಅಷ್ಟು ಒಗೆದರೆ ಉಣ್ಣೆ ಉಳಿಯುತ್ತದೆಯೇ? ಒಂದು ದಿನ ಕೋಟುಗಳ ಕಪಾಟಿನಲ್ಲಿ ಎಲ್ಲದರ ಹಿಂದೆ ಅವೆಲ್ಲ ಕತ್ತಲಲ್ಲಿ ನೇತಾಡುತ್ತಿದ್ದುದನ್ನು ನೋಡಿದೆ. ದೀಪಾವಳಿಯ ಊಟಕ್ಕೆ ಹೋದಲ್ಲಿ ನಾಲ್ಕು ಜನ, "ಇವತ್ತು ಲಂಗ ಇಲ್ವಾ ಸಾರ್?" ಎಂದು ಕೇಳಿದ್ದರು. ಅಷ್ಟರಲ್ಲಿ ನಿಮ್ಮಪ್ಪನಿಗೆ ಲಂಗ ಎಂಬ ಶಬ್ದದ ಅರ್ಥ ತಿಳಿದುಹೋಗಿತ್ತು.

ಈಗ ನನ್ನ ಪಾಡು ಕೇಳಿ. ನಿಮ್ಮಪ್ಪ ಜೀನ್ಸ್ ಹಾಕಿದ ಮೇಲೆ ಅವರು ಎಲ್ಲರ ಹಾಗೆ ಕಾಣತೊಡಗಿದರು. ಬೀದಿಯಲ್ಲಿ ನೋಡಲು ಉಳಿದವಳು ನಾನೊಬ್ಬಳೇ! ಎರಡು ನಾಯಿ ಹಿಡಿದ ಒಬ್ಬ ಹೆಂಗಸು ನನ್ನನ್ನು ತಡೆದು, "ಐ ಲವ್ ಯುವರ್ ಡ್ರೆಸ್!" ಎಂದು ಸೆರಗನ್ನು ಮುಟ್ಟಿ ನೋಡಿದಳು. ಸೈಕಲ್ಲಿನ ಮೇಲಿದ್ದ ಒಬ್ಬ ಎರಡೂ ಕೈ ಬಿಟ್ಟು ನಮಸ್ತೆ ಮಾಡಿ ಪೊದೆಗೆ ಹೋಗಿ ಬಿದ್ದ. ಒಂದು ದಿನ ಎದುರಿನಿಂದ ಐದಾರು ಜನ ನಗುತ್ತ ಬರುವುದನ್ನು ಕಂಡು ನಾನು ಕಸದ ಡಬ್ಬಿಯ ಹಿಂದೆ ಕೂತುಬಿಟ್ಟೆ. ನಿಮ್ಮಪ್ಪ ಮೂಲೆಯ ತನಕ ಹೋಗಿ, ತಿರುಗಿ ನೋಡಿ, ಅತ್ತೆ ಕಳೆದುಹೋದರೆಂದು ನಿಮ್ಮಮ್ಮನಿಗೆ ಫೋನು ಮಾಡಿದರು.

ಅಂದಿನಿಂದ ನಾನು ವಾಕಿಂಗು ಬಿಟ್ಟೆ. ಸಕ್ಕರೆ ಏರಿತು. ನಿಮ್ಮಮ್ಮ ಗರಾಜಿನಲ್ಲಿದ್ದ ಟ್ರೆಡ್‌ಮಿಲ್ಲಿನ ಮೇಲೆ ನಿಲ್ಲಿಸಿದಳು. ಅದು ನನ್ನ ಸೀರೆಯ ನಿರಿಗೆಯನ್ನು ಒಂದೊಂದಾಗಿ ನುಂಗಲು ಸುರುಮಾಡಿತು. ನಾನು ಮುಂದೆ ಓಡುತ್ತಿದ್ದೆ, ಸೀರೆ ಹಿಂದೆ ಓಡುತ್ತಿತ್ತು. ನಿಮ್ಮಮ್ಮ ಬಂದು ಪ್ಲಗ್ಗು ಕೀಳದಿದ್ದರೆ ಆ ದಿನ ನನ್ನದೂ ಒಂದು ವಿಡಿಯೋ ಆಗುತ್ತಿತ್ತು.

ಅವತ್ತು ನಿರ್ಧಾರ ಮಾಡಿದೆ: ಅಳಿಯಂದಿರು ಮತ್ತೆ ಕಿಲ್ಟು ಉಡಲೇಬೇಕು. ಅವರಿಗಾಗಿ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ನನಗಾಗಿ.

ಮೊದಲು ನಿನ್ನ ಮೂಲಕ ಹೇಳಿ ನೋಡಿದೆ. "ಕೂಸವ್ವಾ, ಅಪ್ಪಾಗ ಹೇಳು, ಕಿಲ್ಟು ಅವರಿಗೆ ಭಾಳ ಒಪ್ಪತೈತಿ." ನಿಮ್ಮಪ್ಪ ತಲೆ ತಗ್ಗಿಸಿ, "ಟೆಲ್ ಅಜ್ಜಿ, ಥ್ಯಾಂಕ್ಯೂ," ಎಂದರು. ಉಡಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ನೀನು ಮಲಗಿದಾಗ ನಾನೇ ಕಪಾಟಿನಿಂದ ದಿನಬಳಕೆಯ ಹಸಿರು ಕಿಲ್ಟು ತೆಗೆದೆ. ನಿರಿಗೆಯೆಲ್ಲ ಚದುರಿ ಹೋಗಿತ್ತು. ನಿರಿಗೆ ನೋಡಿದರೆ ನನ್ನ ಕೈ ಸುಮ್ಮನಿರುವುದಿಲ್ಲ. ಮೇಲೆ ಒದ್ದೆ ಅರಿವೆ ಹಾಸಿ, ಒಂದೊಂದೇ ನಿರಿಗೆ ಕೂಡಿಸಿ ಇಸ್ತ್ರಿ ಮಾಡಿದೆ. ನಿರಿಗೆ ಮಡಿಚಿದಲ್ಲಿ ಚೌಕಡಿಯ ಗೆರೆ ಪಕ್ಕದ ಗೆರೆಗೆ ಕೂಡಬೇಕು, ಇಲ್ಲದಿದ್ದರೆ ಸೊಟ್ಟ ಕಾಣುತ್ತದೆ. ಮುಗಿಸುವಷ್ಟರಲ್ಲಿ ಸಂಜೆಯಾಗಿತ್ತು; ಸಾರು ಮಾಡುವುದು ಮರೆತಿದ್ದೆ. ಅದನ್ನು ಅವರ ಕೋಣೆಯ ಬಾಗಿಲಿಗೆ ತೂಗುಹಾಕಿದೆ.

ಅತ್ತೆ ಕೈಯಾರೆ ಇಸ್ತ್ರಿ ಮಾಡಿದ್ದನ್ನು ಉಡದೆ ಇದ್ದರೆ ಹೇಗೆ? ಅಂದು ಊಟಕ್ಕೆ ಉಟ್ಟುಕೊಂಡು ಬಂದರು. ಮನೆಯ ಒಳಗೆ ಮಾತ್ರ. ನಾವು ಮೂವರೂ ಅನ್ನ ಮೊಸರು ಉಂಡೆವು, ಯಾರೂ ಕಿಲ್ಟಿನ ಮಾತೆತ್ತಲಿಲ್ಲ. ಮರುದಿನ ಗರಾಜಿನ ತನಕ ಹೋದರು. ಆಮೇಲೆ ಕಸದ ಡಬ್ಬಿ ಹೊರಗಿಡಲು ಹೋದರು. ಎದುರು ಮನೆಯ ಗರಾಜಿನ ಬಾಗಿಲು ಗಡಗಡ ಎಂದಿದ್ದೇ ತಡ, ಡಬ್ಬಿಯನ್ನು ನಡುದಾರಿಯಲ್ಲೇ ಬಿಟ್ಟು ಓಡಿಬಂದರು. ಕಿಲ್ಟು ಉಟ್ಟು ಓಡುವವರನ್ನು ಹಿಂದಿನಿಂದ ನೋಡಬಾರದು. ಅಷ್ಟೇ ಹೇಳುತ್ತೇನೆ.

ಒಂದು ಸಂಜೆ ಅವರು ನಿಮ್ಮಮ್ಮನ ಹತ್ತಿರ ಪಿಸುಪಿಸು ಏನೋ ಹೇಳಿದರು. ನಿಮ್ಮಮ್ಮ ಕೈಯಲ್ಲಿದ್ದ ಚಮಚ ಕೆಳಗೆ ಹಾಕಿ ನಗತೊಡಗಿದಳು.

"ಯವ್ವಾ, ಏನಂತಾರ ಗೊತ್ತೇನು? ನೀ ಸಂಗಾಟ ಬಂದ್ರ ಮೇಲ್‌ಬಾಕ್ಸ್ ತನಕಾ ಕಿಲ್ಟ್ ಮ್ಯಾಲೆ ಹೋಗ್ತಾರಂತ."

"ನಾ ಯಾಕ ಬೇಕು?"

"ನೀ ಇದ್ರ ಎಲ್ಲಾರೂ ನಿನ್ನ ಸೀರಿ ನೋಡ್ತಾರಂತ. ಅವರ ಕಿಲ್ಟ್ ಯಾರೂ ನೋಡಂಗಿಲ್ಲಂತ. ಮೊದ್ಲಿಂದ್ಲೂ ಹಂಗ ಅಂತ. ನಿನ್ನ ಮರಿಯೊಳಗ ಆರಾಮ ಇತ್ತಂತ!"

ನನಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. "ನನ್ನ ಮರಿಯೊಳಗ? ನಾ ಅವರ ಮರಿಯೊಳಗ ಇದ್ದೆ!" ಎಂದುಬಿಟ್ಟೆ. ನಿಮ್ಮಮ್ಮ ಅದನ್ನು ಇಂಗ್ಲಿಷಿನಲ್ಲಿ ಹೇಳಿ, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಳು. ಆಗ ಹೊಟ್ಟೆಯಲ್ಲಿ ನೀನಿದ್ದೆ, ಚಿಕ್ಕವನೇ. ನಿಮ್ಮಪ್ಪ ನನ್ನ ಕಡೆ ನೋಡಿದರು, ನಾನು ನಲ್ಲಿಯ ಕಡೆ ನೋಡಿದೆ.

ಆದರೂ ಹೋದೆವು. ಮೇಲ್‌ಬಾಕ್ಸು ಬೀದಿಯ ಕೊನೆಯಲ್ಲಿ. ನಾನು ಅವರ ಹಿಂದೆ ಸರಿದರೆ ಅವರು ನನ್ನ ಹಿಂದೆ ಸರಿಯುತ್ತಿದ್ದರು. ನಾನು ನಿಂತರೆ ಅವರೂ ನಿಲ್ಲುತ್ತಿದ್ದರು. ಸ್ಟ್ರಾಲರೊಂದೇ ಮುಂದೆ ಹೋಗುತ್ತಿತ್ತು. ಹೀಗೆ ಹೋಗಿ ಪತ್ರ ತರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ತಂದದ್ದೂ ಬರೀ ಪಿಜ್ಜಾದ ಜಾಹೀರಾತು.

ಹಾಗೆ ಹೋಗುತ್ತ ಹೋಗುತ್ತ ಪಾರ್ಕಿನ ತನಕ ಹೋದೆವು. ಆದರೆ ಶಾಲೆಗೆ ಇನ್ನೂ ಜೀನ್ಸೇ. ಇಂಡಿಯನ್ ಗ್ರೋಸರಿಗಂತೂ ಇಲ್ಲವೇ ಇಲ್ಲ, ಏಕೆಂದರೆ ರವಿವಾರ ಅಲ್ಲಿ ಇಡೀ ಊರಿನ ಕನ್ನಡದವರು ಬೆಂಡೆಕಾಯಿ ಮುರಿದು ನೋಡುತ್ತ ನಿಂತಿರುತ್ತಾರೆ. ಅಲ್ಲಿಗೆ ಹೋಗಿ ಬಂದರೆ ಮಾತ್ರ ಅವರ ಭಯ ಹೋಗುತ್ತದೆ ಎಂದು ನಿಮ್ಮಮ್ಮ ಅಂದಳು. ಒಂದು ರವಿವಾರ ಅವರೇ ಹಸಿರು ಕಿಲ್ಟು ಉಟ್ಟು, ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತರು. ಮುಖ ಮಾತ್ರ ಇಂಜೆಕ್ಷನ್ನಿಗೆ ಹೊರಟ ಹಾಗಿತ್ತು.

ಬೇಳೆಯ ಸಾಲಿನ ತನಕ ಏನೂ ಆಗಲಿಲ್ಲ. ಅಲ್ಲಿ ದೀಪಾವಳಿಯ ಊಟದಲ್ಲಿ ಕಂಡಿದ್ದ ಒಬ್ಬರು ಹೆಂಡತಿಯ ಜೊತೆ ಎದುರಾದರು. ಬೆಂಗಳೂರಿನವರು, ಐವತ್ತರ ಆಸುಪಾಸು. ನಿಮ್ಮಪ್ಪನನ್ನು ಮೇಲಿನಿಂದ ಕೆಳಗೆ ನೋಡಿ ನಿಮ್ಮಮ್ಮನಿಗೆ ಜೋರಾಗಿ, "ಏನ್ರೀ, ನಿಮ್ಮ ಯಜಮಾನ್ರು ಮತ್ತೆ ಲಂಗ ಹಾಕ್ಕೊಂಡ್ ಬಂದ್ಬಿಟ್ಟಿದಾರೆ! ತೆಂಗಿನಕಾಯಿ ಆ ಕಡೆ ಇದೆ, ಮಡಿಲು ತುಂಬ್ಸಿ ಕಳಿಸೋಣ್ವಾ?" ಎಂದರು. ಪಕ್ಕದವರೆಲ್ಲ ತಿರುಗಿದರು. ನಿಮ್ಮಪ್ಪನ ಕೈ ಸ್ಟ್ರಾಲರಿನ ಹಿಡಿಯ ಮೇಲೆ ಬಿಗಿಯಾಯಿತು. ಆ ಕಾಲುಗಳು ಬಾಗಿಲಿನ ಕಡೆ ತಿರುಗುವುದನ್ನು ಕಂಡೆ. ಇವತ್ತು ಹೋದರೆ ಆ ಕಿಲ್ಟು ಮತ್ತೆ ಕಪಾಟಿನಿಂದ ಹೊರಬರುವುದಿಲ್ಲ ಎಂದು ನನಗೆ ಖಾತ್ರಿಯಾಯಿತು.

ನಾನು ಪರಗಂಡಸರ ಜೊತೆ ಮಾತಾಡಿದವಳಲ್ಲ. ನೆಲ ನೋಡುತ್ತ ನಿಂತೆ. ನೆಲ ನೋಡುತ್ತಿದ್ದುದರಿಂದಲೇ ಆ ಬೆಂಗಳೂರಿನವರ ಕಾಲು ಕಂಡವು. ಅವರು ಹಾಕಿದ್ದು ಚಡ್ಡಿ. ಇಲ್ಲಿಯ ಗಂಡಸರು ರಜೆಯ ದಿನ ಹಾಕುತ್ತಾರಲ್ಲ, ಅಂಥದ್ದು. ಮೊಣಕಾಲಿನ ಮೇಲೆ ಮುಗಿದುಹೋಗಿತ್ತು.

ಸ್ಟ್ರಾಲರಿನ ಮೇಲೆ ಬಗ್ಗಿ ನಿನಗೆ ಹೇಳಿದೆ. ಯಾಕೋ ದನಿ ಸ್ವಲ್ಪ ದೊಡ್ಡದಾಗಿಯೇ ಬಂತು. "ಕೂಸವ್ವಾ, ಆ ಮಾಮಾಗ ಹೇಳು, ನಿಮ್ಮಪ್ಪನ ಕಿಲ್ಟು ಮೊಣಕಾಲಿನ ತನಕಾ ಐತಿ. ಮಾಮಾನ ಚಡ್ಡಿ ಅಲ್ಲೀತನಕಾ ಮುಟ್ಟಿಲ್ಲ. ಅರಿವಿ ಕಡಿಮಿ ಬಿದ್ದಿದ್ರ ನಮ್ಮ ಮನಿಯೊಳಗ ಒಂದು ರವಿಕಿ ಕಣ ಐತಿ, ಕೊಡೂಣು."

ನೀನು ಮಾಮಾನನ್ನು ನೋಡಿ ಕೇಕೆ ಹಾಕಿದೆ. ಎಲ್ಲರಿಗಿಂತ ಮೊದಲು ನಕ್ಕವರು ಅವರ ಹೆಂಡತಿ. "ಸರಿಯಾಗ್ ಹೇಳಿದ್ರಿ ಅಮ್ಮ! ಅಂಗಡಿಗೆ ಪ್ಯಾಂಟ್ ಹಾಕ್ಕೊಂಡ್ ಬನ್ರೀ ಅಂತ ಬಡ್ಕೊಳ್ತಾನೇ ಇದೀನಿ ನಾನು," ಎಂದರು. ಆ ಮನುಷ್ಯ ಒಂದು ಕಡಲೆಪುರಿಯ ಚೀಲವನ್ನು ಮೊಣಕಾಲಿಗೆ ಅಡ್ಡ ಹಿಡಿದುಕೊಂಡು, "ಅಲ್ಲಮ್ಮ, ಸುಮ್ನೆ ತಮಾಷೆಗೆ," ಎಂದರು. ನನಗೆ ಅಲ್ಲಿಯೇ ಬೇಳೆಯ ಚೀಲಗಳ ನಡುವೆ ಕರಗಿ ಹೋಗಬೇಕು ಎನಿಸಿತು.

ನಿಮ್ಮಮ್ಮ ಕಣ್ಣೊರೆಸಿಕೊಳ್ಳುತ್ತ ನಿಮ್ಮಪ್ಪನಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಆ ಮನುಷ್ಯನ ಮೊಣಕಾಲು ನೋಡಿದರು, ತಮ್ಮ ಕಿಲ್ಟಿನ ಅಂಚು ನೋಡಿದರು. ಬೆನ್ನು ನೆಟ್ಟಗಾಯಿತು. ಅಂದು ಅವರು ಆ ಅಂಗಡಿಯ ಒಂದು ಸಾಲನ್ನೂ ಬಿಡಲಿಲ್ಲ. ನಮಗೆ ಬೇಡವಾದ ಉಪ್ಪಿನಕಾಯಿಯ ಸಾಲಿಗೆ ಎರಡು ಸಲ ಹೋಗಿ ಬಂದರು. ತಿರುಗುವಾಗ ನಿರಿಗೆ ಬಿಚ್ಚಿಕೊಳ್ಳಲೆಂದು ಬೇಕೆಂದೇ ಗರ್ರನೆ ತಿರುಗುತ್ತಿದ್ದರು.

ಸೋಮವಾರ ಬೆಳಗ್ಗೆ ಕಿಲ್ಟು ಉಟ್ಟು ಶಾಲೆಗೆ ಹೊರಟರು. ಜೊತೆಗೆ ಯಾರೂ ಬೇಕೆನ್ನಲಿಲ್ಲ. ಸಂಜೆ ಶಾಲೆಯಲ್ಲಿ ಏನೋ ಮೀಟಿಂಗು, ಬರುವುದು ತಡವಾಗುತ್ತದೆ ಎಂದು ನಿನಗೆ ಹೇಳಿ ಹೋದರು.

ಸಂಜೆ ನೀನು ವಾಕಿಂಗಿಗೆಂದು ರಂಪ ಮಾಡಿದೆ. ನಾನೊಬ್ಬಳೇ ಹೊರಡಬೇಕಾಯಿತು. ಹೇಗೂ ನೋಡುತ್ತಾರೆ, ನೋಡಿದರೆ ಒಳ್ಳೆಯದನ್ನೇ ನೋಡಲಿ ಎಂದು ಪೆಟ್ಟಿಗೆಯ ತಳದಿಂದ ಗಿಣಿಹಸಿರಿನ ಹೊಸ ಇಳಕಲ್ ತೆಗೆದು ಉಟ್ಟೆ. ಹೇಳಬೇಕಾದ ಥ್ಯಾಂಕ್ಯೂವನ್ನು ಗರಾಜಿನಲ್ಲಿ ನಿಂತು ಬಾಯಿಪಾಠ ಮಾಡಿದೆ. ಸ್ಟ್ರಾಲರು ತಳ್ಳಿಕೊಂಡು ಹೋದೆ.

ಎರಡು ನಾಯಿಗಳ ಹೆಂಗಸು ನಿಂತಳು. ನಾನು ಥ್ಯಾಂಕ್ಯೂ ಎನ್ನಲು ಬಾಯಿ ತೆರೆದೆ.

"ವೇರ್ ಈಸ್ ದ ಕಿಲ್ಟ್ ಗೈ?" ಎಂದಳು.

ಮುಂದೆ ಸೈಕಲ್ಲಿನವನೂ ಅದನ್ನೇ ಕೇಳಿದ. ಪಾರ್ಕಿನಲ್ಲಿ ಕೂತಿದ್ದ ಮುದುಕಪ್ಪನೂ ಅದನ್ನೇ ಕೇಳಿದ. ನಾನು ಎಲ್ಲರಿಗೂ, "ಸ್ಕೂಲ್, ಸ್ಕೂಲ್," ಎಂದು ಹೇಳುತ್ತ ಮನೆಗೆ ಬಂದೆ. ಹೊಸ ಸೀರೆಯ ಬಗ್ಗೆ ಒಬ್ಬರೂ ಒಂದು ಮಾತಾಡಲಿಲ್ಲ. ನನಗೆ ಬಹಳ ಸಿಟ್ಟು ಬಂದಿತ್ತು.